ಟಾರೆಂಟೋ, ನೇರ ಡೌನ್‌ಲೋಡೋ?

ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೀರಿ, ಲ್ಯಾಪ್‌ಟಾಪ್‌ಗೆ ಉಬುಂಟು (ವಿಂಡೋಸ್ ಥರದ, ಆದರೆ ಉಚಿತ ಆಪರೇಟಿಂಗ್ ಸಿಸ್ಟಮ್) ಬೇಕು ಅಂದುಕೊಳ್ಳಿ. ಫೈಲು ಹಲವು ಜಿಬಿ. ಉಬುಂಟು ಸೈಟಿನಲ್ಲೇ ಟಾರೆಂಟ್, ನೇರ ಡೌನ್‌ಲೋಡ್ ಎರಡೂ ದಾರಿ ಇವೆ.

ನೇರ ಡೌನ್‌ಲೋಡ್ ಸುಲಭ. ಒಂದೇ ಸರ್ವರ್‌ನಿಂದ ಬರುತ್ತದೆ, ಬೇರೆ ಆ್ಯಪ್ ಬೇಡ. ಮಧ್ಯದಲ್ಲಿ ಕರೆಂಟ್ ಹೋದರೆ ಮಾತ್ರ ಕೆಲವೊಮ್ಮೆ ಮೊದಲಿನಿಂದ ಶುರು. ನಮ್ಮ ಕಡೆ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ, ಅಲ್ವಾ?

ಬ್ರಾಮ್ ಕೋಹೆನ್ 2001ರಲ್ಲಿ ತಂದ ಬಿಟ್‌ಟಾರೆಂಟ್, ಅಂದರೆ ಟಾರೆಂಟ್ ದಾರಿ, ಬೇರೆ ಥರ. ಫೈಲು ಸಣ್ಣ ತುಂಡುಗಳಾಗಿರುತ್ತದೆ. ಒಂದು ತುಂಡು ಬೀದರಿನ ಯಾರದೋ ಕಂಪ್ಯೂಟರ್‌ನಿಂದ, ಇನ್ನೊಂದು ಬರ್ಲಿನ್‌ನಿಂದ ಬರಬಹುದು. ಕಡಿಮೆ ಜನರ ಬಳಿ ಇರುವ ತುಂಡನ್ನೇ ಸಾಮಾನ್ಯವಾಗಿ ಮೊದಲು ಹುಡುಕುತ್ತದೆ. ಆಮೇಲೆ ಅದು ಸಿಗದೆ ಹೋಗಬಾರದಲ್ಲ! ಬಂದ ಪ್ರತಿ ತುಂಡನ್ನೂ ಅದರ ಹ್ಯಾಶ್ (ತುಂಡಿನ ಬೆರಳಚ್ಚಿನಂಥ ಸಂಕೇತ) ಜೊತೆ ತಾಳೆ ನೋಡುತ್ತದೆ. ಕೆಟ್ಟಿದ್ದರೆ ಅದನ್ನಷ್ಟೇ ಮತ್ತೆ ತರುತ್ತದೆ. ಕರೆಂಟ್ ಹೋದರೂ ಅಲ್ಲಿಯವರೆಗೆ ಬಂದ ತುಂಡುಗಳು ಉಳಿಯುತ್ತವೆ. ನನಗೆ ಹಿಡಿಸಿದ್ದು ಇದೇ.

ತೊಂದರೆ ಇಲ್ಲ ಅಂತಲ್ಲ. ತೆಗೆದುಕೊಳ್ಳುವಾಗಲೇ ನೀವು ಇತರರಿಗೆ ಕೊಡುತ್ತಲೂ ಇರುತ್ತೀರಿ, ಹಾಗಾಗಿ ಡೇಟಾ ಜಾಸ್ತಿ ಖರ್ಚು. ಮೊಬೈಲ್ ಹಾಟ್‌ಸ್ಪಾಟ್ ಆದರೆ ಸುಮ್ನೆ ನೇರ ಡೌನ್‌ಲೋಡ್ ಮಾಡಿ. ಟಾರೆಂಟ್‌ನಲ್ಲಿ ನಿಮ್ಮ ಐಪಿ ವಿಳಾಸ (ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಉಳಿದವರಿಗೆ ಕಾಣುತ್ತದೆ. ಪೂರ್ತಿ ಫೈಲು ಇಟ್ಟುಕೊಂಡವರು ಯಾರೂ ಆನ್‌ಲೈನ್‌ನಲ್ಲಿ ಇಲ್ಲದಿದ್ದರೆ ಕೊನೆ ಹಂತದಲ್ಲೂ ನಿಂತುಬಿಡಬಹುದು. ಉಬುಂಟುಗೆ ಆ ಚಿಂತೆ ಕಡಿಮೆ, ಹಂಚುವವರು ಬೇಕಾದಷ್ಟು ಜನ. ಹೊಸ ಸಿನಿಮಾ ಇಳಿಸಲು ಹೋದರೆ ಮಾತ್ರ ಕಾನೂನಿನ ತಂಟೆ.