ಟಿಕಿಂಟರ್, ವಿನ್‌ಫಾರ್ಮ್ಸ್, ಕ್ಯೂಟಿ: ಮೌಸ್ ಚಕ್ರ ಯಾವುದರಲ್ಲಿ ಸರಿಯಾಗಿ ತಿರುಗುತ್ತದೆ?

ಕಲಬುರಗಿ ಗಂಜ್‌ನ ಒಂದು ಅಡತ್ ಅಂಗಡಿಗೆ ತೊಗರಿ ಪಟ್ಟಿ ಬರೆಯುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಸುಗ್ಗಿಯಲ್ಲಿ ದಿನಕ್ಕೆ 300 ಸಾಲು ದಾಟುತ್ತದೆ. ಗುಮಾಸ್ತರ ಬೆರಳು ಸದಾ ಮೌಸ್ ಚಕ್ರದ ಮೇಲೆಯೇ. ಅದೇ ಪರದೆಯನ್ನು ನಾನು ಮೂರು ಸಲ ಬರೆದೆ, ಕಿಟಕಿ, ಬಟನ್, ಪಟ್ಟಿ ಕಟ್ಟಿಕೊಡುವ ಮೂರು ಬೇರೆ ಬೇರೆ ಲೈಬ್ರರಿಗಳಲ್ಲಿ. ಮೊದಲು ಪೈಥಾನ್‌ನ ಟಿಕಿಂಟರ್, ಆಮೇಲೆ ಸಿ ಶಾರ್ಪ್‌ನ ವಿನ್‌ಫಾರ್ಮ್ಸ್, ಕೊನೆಗೆ ಪೈಥಾನ್‌ನಲ್ಲೇ ಕ್ಯೂಟಿ 5. ಈಗ ಓಡುತ್ತಿರುವುದು ಕ್ಯೂಟಿಯದು. ನನಗೆ ಬೈಗುಳ ತಿನ್ನಿಸಿದ್ದೂ ಅದೇ.

ಮೊದಲು ಒಂದು ಲೆಕ್ಕ. ವಿಂಡೋಸ್‌ನಲ್ಲಿ ಚಕ್ರ ಒಂದು ಸಲ 'ಕಟಕ್' ಅಂದರೆ ಪ್ರೋಗ್ರಾಂಗೆ 120 ಬರುತ್ತದೆ. ಮುಂದಕ್ಕೆ ತಳ್ಳಿದರೆ +120, ನಮ್ಮ ಕಡೆ ಎಳೆದರೆ -120. ಸುಮ್ನೆ 1 ಅಂತ ಕಳಿಸಬಹುದಿತ್ತು, ಅಲ್ವಾ? ಆದರೆ ಕಟಕ್ ಇಲ್ಲದೆ ನುಣ್ಣಗೆ ತಿರುಗುವ ಚಕ್ರಗಳೂ, ಟಚ್‌ಪ್ಯಾಡ್‌ಗಳೂ ಇವೆ. ಅವು 30, 40 ಅಂತ ಚೂರು ಚೂರಾಗಿ ಕಳಿಸಲು ಜಾಗ ಬೇಕು. ಅದಕ್ಕೇ 120.

ಟಿಕಿಂಟರ್‌ನಲ್ಲಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು ಅಂದುಕೊಂಡೆ. ಮನೆಯ ಲಿನಕ್ಸ್‌ನಲ್ಲಿ ಓಡಿಸಿದರೆ ಚಕ್ರಕ್ಕೆ ಉಸಿರೇ ಇಲ್ಲ. ಟಿಕಿಂಟರ್‌ನ ಒಳಗೆ ಕೆಲಸ ಮಾಡುವುದು ಟಿಕೆ, ಅಲ್ಲಿದ್ದದ್ದು ಅದರ 8.6. ಲಿನಕ್ಸ್‌ನಲ್ಲಿ ಅದಕ್ಕೆ ಚಕ್ರ ಅಂದರೆ ಮೌಸ್‌ನ 4ನೇ ಮತ್ತು 5ನೇ ಬಟನ್. ಅವಕ್ಕೆ ಬೇರೆಯಾಗಿ ಬೈಂಡ್ ಮಾಡಬೇಕು, ಅಂದರೆ ಅವು ಬಂದಾಗ ಏನು ಮಾಡಬೇಕು ಅಂತ ಕೋಡ್ ಕಟ್ಟಬೇಕು. ಮ್ಯಾಕ್‌ನಲ್ಲಾದರೆ 120ರ ಬದಲು 1, 2 ಅಂತ ಸಣ್ಣ ಸಂಖ್ಯೆ. 2024ರಲ್ಲಿ ಬಂದ ಟಿಕೆ 9.0 ಈ ಗೋಜಲನ್ನು ಬಿಡಿಸಿದೆ. ಇನ್ನೊಂದು ಕಿರಿಕಿರಿ: ಪಟ್ಟಿ ಕೂತಿರುವ ಕ್ಯಾನ್ವಾಸ್‌ಗೆ ಬೈಂಡ್ ಮಾಡಿದರೂ, ಬಾಣದ ಗುರುತು ಅದರೊಳಗಿನ ಲೇಬಲ್ (ಅಕ್ಷರ ತೋರಿಸುವ ತುಂಡು) ಮೇಲೆ ಹೋದ ಕೂಡಲೇ ಪಟ್ಟಿ ನಿಂತುಬಿಡುತ್ತದೆ. ಲೇಬಲ್‌ಗೆ ಬಂದ ಸುದ್ದಿ ಕ್ಯಾನ್ವಾಸ್‌ಗೆ ಮುಟ್ಟುವುದಿಲ್ಲ.

ವಿನ್‌ಫಾರ್ಮ್ಸ್ ಬಗ್ಗೆ ಹೇಳುವುದು ಕಡಿಮೆ. ವಿಂಡೋಸ್ ಬಿಟ್ಟು ಬೇರೆಲ್ಲೂ ಓಡಿಸುವುದಿಲ್ಲ ಅನ್ನುವವರಿಗೆ ಸಾಕು. ದೊಡ್ಡ ತೊಂದರೆ ಒಂದೇ, ಫೋಕಸ್, ಅಂದರೆ ಕೀಬೋರ್ಡ್‌ನಲ್ಲಿ ಹೊಡೆದದ್ದು ಈಗ ಯಾವ ಪೆಟ್ಟಿಗೆಗೆ ಹೋಗುತ್ತದೆ ಅನ್ನುವುದು. ಅಂಗಡಿಯ ಹಳೆಯ ಯಂತ್ರದಲ್ಲಿ ವಿಂಡೋಸ್ 7. ಅಲ್ಲಿ ಚಕ್ರದ ಸುದ್ದಿ ಹೋಗುವುದು ಫೋಕಸ್ ಇರುವ ಪೆಟ್ಟಿಗೆಗೆ, ಬಾಣದ ಕೆಳಗಿರುವ ಪಟ್ಟಿಗೆ ಅಲ್ಲ. ನನ್ನ ವಿಂಡೋಸ್ 10ರಲ್ಲಿ ಸರಿ ಇದ್ದದ್ದು ಅಲ್ಲಿ ಅಲ್ಲಾಡಲಿಲ್ಲ. ಇನ್ನು ವಿನ್‌ಫಾರ್ಮ್ಸ್‌ನ ಅಂಕಿ ಪೆಟ್ಟಿಗೆ ಒಂದು ಕಟಕ್‌ಗೆ 1ರ ಬದಲು 3 ಏರುತ್ತದೆ! ವಿಂಡೋಸ್‌ನಲ್ಲಿ ಒಂದು ಕಟಕ್‌ಗೆ ಎಷ್ಟು ಸಾಲು ಸರಿಯಬೇಕು ಅನ್ನುವ ಸೆಟ್ಟಿಂಗ್ ಮೊದಲಿಂದ 3 ಇರುತ್ತದೆ. ಅದನ್ನೇ ಇಲ್ಲಿಗೂ ಹಚ್ಚುತ್ತಾರೆ.

ಕ್ಯೂಟಿಯಲ್ಲಿ ಇವೆರಡೂ ತಲೆನೋವಿಲ್ಲ. ಬಾಣ ಯಾವುದರ ಮೇಲಿದೆಯೋ ಅದಕ್ಕೇ ಸುದ್ದಿ. ಅದು ಬೇಡ ಅಂದರೆ ಅದನ್ನು ಒಳಗಿಟ್ಟುಕೊಂಡ ಹೊರ ಪೆಟ್ಟಿಗೆಗೆ ಹೋಗುತ್ತದೆ. ಅಳತೆಯನ್ನು ಡಿಗ್ರಿಯ ಎಂಟನೇ ಒಂದು ಭಾಗದಲ್ಲಿ ಕೊಡುತ್ತದೆ. ಅಂದರೆ 120 ಅಂದರೆ 15 ಡಿಗ್ರಿ, ಚಕ್ರದ ಪೂರ್ತಿ ಸುತ್ತಿಗೆ 24 ಕಟಕ್. ಲಿನಕ್ಸ್‌ನಲ್ಲೂ ಅದೇ ಕೋಡ್ ಓಡಿತು.

ಖುಷಿಯಲ್ಲಿ ಅಂಗಡಿಗೆ ಹಾಕಿಕೊಟ್ಟೆ. ಮೂರನೇ ದಿನ ಸಂಜೆ ಗುಮಾಸ್ತರ ಫೋನ್: "ಸರ, 126 ರೂಪಾಯಿ ಫರಕ್ ಬರ್ಲಾಕತ್ತದ ನೋಡ್ರಿ." ಹುಡುಕಿದರೆ 42 ಕ್ವಿಂಟಲ್‌ನ ಒಂದು ಸಾಲಿನಲ್ಲಿ ದರ 7,500 ಇದ್ದದ್ದು 7,497 ಆಗಿತ್ತು. ಪಟ್ಟಿ ಇಳಿಸುವಾಗ ಬಾಣ ದರದ ಸ್ಪಿನ್‌ಬಾಕ್ಸ್ (ಅಂಕಿ ಪೆಟ್ಟಿಗೆ) ಮೇಲೆ ಬಂದಿದೆ. ಮೂರು ಕಟಕ್, ಮೂರು ರೂಪಾಯಿ ಮಾಯ. ಕ್ಯೂಟಿಯ ಸ್ಪಿನ್‌ಬಾಕ್ಸ್, ಕಾಂಬೋಬಾಕ್ಸ್ (ಆಯ್ಕೆ ಪಟ್ಟಿಯ ಪೆಟ್ಟಿಗೆ) ಎರಡೂ ಮೊದಲಿಂದ ಹಾಗೆಯೇ ಇರುತ್ತವೆ, ಚಕ್ರ ತಿರುಗಿದರೆ ಸಾಕು ಬೆಲೆ ಬದಲು. ದಾಖಲೆ ಓದದೆ ಹಾಕಿದ ತಪ್ಪು ನನ್ನದೇ. ಪೆಟ್ಟಿಗೆಗೆ ಫೋಕಸ್ ಇಲ್ಲದಿದ್ದರೆ ಚಕ್ರವನ್ನು ಬಿಟ್ಟುಬಿಡು ಎಂದು ಬರೆಯುವುದು ಎಲ್ಲರೂ ಹೇಳುವ ಪರಿಹಾರ. ನನಗೆ ಅದು ಸಾಲಲಿಲ್ಲ. ದರ ಹಾಕಲು ಕ್ಲಿಕ್ ಮಾಡಿ, ಹಾಗೇ ಪಟ್ಟಿ ಇಳಿಸಿದರೆ ಮತ್ತೆ ಅದೇ ಕಥೆ. ದರ ಮತ್ತು ತೂಕದ ಪೆಟ್ಟಿಗೆಗಳಲ್ಲಿ ಚಕ್ರವನ್ನು ಪೂರ್ತಿ ಬಂದ್ ಮಾಡಿದೆ. ಅಂಕಿಯನ್ನು ಅವರು ಹೇಗೂ ಕೀಬೋರ್ಡ್‌ನಲ್ಲೇ ಹೊಡೆಯುತ್ತಾರೆ.

ನಾನೇ ಬರೆದ ಚಿತ್ರದ ಪರದೆಯಲ್ಲಿ ಇನ್ನೊಂದು ಎಡವಟ್ಟು. ಬಂದ ಸಂಖ್ಯೆಯ ಚಿಹ್ನೆ ತಿರುಗಿಸಿ, ಪೈಥಾನ್‌ನ ಎರಡು ಗೀಟಿನ (//), ಉತ್ತರವನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸುವ ಭಾಗಾಕಾರದಿಂದ 120ರಲ್ಲಿ ಭಾಗಿಸಿದ್ದೆ. ಟಚ್‌ಪ್ಯಾಡ್‌ನಲ್ಲಿ ಮೇಲಕ್ಕೆ ಓಡುತ್ತದೆ, ಕೆಳಕ್ಕೆ ಜಪ್ಪಯ್ಯ ಅನ್ನುವುದಿಲ್ಲ! ಯಾಕೆಂದರೆ ಆ ಭಾಗಾಕಾರದಲ್ಲಿ 30ಕ್ಕೆ ಉತ್ತರ 0, ಆದರೆ -30ಕ್ಕೆ -1. ಬಂದ ಚೂರುಗಳನ್ನು ಕೂಡಿಸುತ್ತಾ ಹೋಗಿ, 120 ತುಂಬಿದಾಗ ಮಾತ್ರ ಒಂದು ಹೆಜ್ಜೆ ಇಡುವಂತೆ ಮಾಡಿದ ಮೇಲೆ ಸರಿಹೋಯಿತು.

ಕಳೆದ ವಾರ ಮತ್ತೆ ಫೋನ್. ಪಟ್ಟಿ ಕೆಳಗೆ ಎಳೆದರೆ ನಡುನಡುವೆ ಮೇಲೆ ಜಿಗಿಯುತ್ತಿದೆಯಂತೆ. ಎರಡು ಸಂಜೆ ಕೋಡ್ ಕೆದಕಿದೆ, ಏನೂ ಸಿಗಲಿಲ್ಲ. ಕೊನೆಗೆ ಅಂಗಡಿಗೆ ಹೋಗಿ ಮೌಸ್ ಬಿಚ್ಚಿದೆ. ಚಕ್ರದ ಸುತ್ತ ತೊಗರಿ ಧೂಳು ಗಟ್ಟಿಯಾಗಿ ಕೂತಿತ್ತು.