ಪ್ಯಾಚೋ, ಕಸಿಯೋ? ಹೆಲ್ಮೆಟ್ ಹಾಕುವ ತಲೆಯ ಲೆಕ್ಕ

ತಲೆ ಬೋಳಾಗುತ್ತಿರುವವನು ಹೇರ್ ಪ್ಯಾಚ್ ಹಾಕಿಸಿಕೊಳ್ಳಬೇಕೋ, ಕೂದಲು ಕಸಿ ಮಾಡಿಸಿಕೊಳ್ಳಬೇಕೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಸಿಗೆ. ಆದರೆ ಅದಕ್ಕೆ ಮುಂಚೆ ಹದಿನಾಲ್ಕು ತಿಂಗಳು ಹೇರ್ ಪ್ಯಾಚ್, ಅಂದರೆ ಬೋಳಾದ ಜಾಗಕ್ಕಷ್ಟೇ ಕೂರಿಸುವ ವಿಗ್ಗಿನ ತುಂಡು, ಅಂಟಿಸಿಕೊಂಡು ಪುಣೆ ಸುತ್ತಿದ್ದೇನೆ. ಅದಕ್ಕೂ ಮುಂಚೆ ಎಂಟು ತಿಂಗಳು ಮಿನಾಕ್ಸಿಡಿಲ್ ಹಚ್ಚಿದ್ದೇನೆ. ಮೂರೂ ನನ್ನ ತಲೆ ಮೇಲೇ ನಡೆದ ಪ್ರಯೋಗ.

ಮಿನಾಕ್ಸಿಡಿಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಪಿಗೆ ಅಂತ ಬಂದ ಮಾತ್ರೆ, ತಿಂದವರ ಮೈಮೇಲೆ ಕೂದಲು ಬೆಳೆಯುತ್ತೆ ಅಂತ ಗೊತ್ತಾದ ಮೇಲೆ ತಲೆಗೆ ಹಚ್ಚುವ ಲೋಶನ್ ಆಯಿತು. ದಿನಕ್ಕೆ ಎರಡು ಸಲ ಹಚ್ಚಬೇಕು. ಬಿಟ್ಟರೆ ಕೆಲವೇ ತಿಂಗಳಲ್ಲಿ ಬಂದದ್ದೆಲ್ಲ ಹೋಗುತ್ತದೆ. ನಾನು ಗ್ಯಾಸ್ ಬುಕ್ ಮಾಡುವುದನ್ನೇ ಮರೆಯುವವನು. ಅಲ್ಲಿಗೆ ಅದರ ಕಥೆ ಮುಗಿಯಿತು.

ಪ್ಯಾಚ್ ಮೊದಲ ದಿನ ಭರ್ಜರಿ. ಹದಿನೆಂಟು ಸಾವಿರ ಕೊಟ್ಟೆ, ಎರಡು ಗಂಟೆಯಲ್ಲಿ ಹತ್ತು ವರ್ಷ ಕಮ್ಮಿಯಾಯಿತು. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಪರಿಚಯದ ಆಂಟಿಯೊಬ್ಬರು "ನೀವು ಅವರ ತಮ್ಮನಾ?" ಎಂದು ಕೇಳಿದರು. ಆ ವಾರವೆಲ್ಲ ನಾನು ನೆಲದ ಮೇಲೆ ಇರಲಿಲ್ಲ.

ತೊಂದರೆ ಶುರುವಾದದ್ದು ಹೆಲ್ಮೆಟ್‌ನಿಂದ. ನನ್ನ ಮನೆ ಕೋಥರೂಡ್, ಆಫೀಸು ಶಿವಾಜಿನಗರ, ಓಡಾಟ ಸ್ಕೂಟರಿನಲ್ಲಿ. ಏಪ್ರಿಲ್ ಬಿಸಿಲಲ್ಲಿ ಪೌಡ್ ಫಾಟಾ ಸಿಗ್ನಲ್‌ನಲ್ಲಿ ನಿಂತರೆ ಹೆಲ್ಮೆಟ್ ಒಳಗೆ ಇಡ್ಲಿ ಬೇಯಿಸಬಹುದು. ಬೆವರಿಗೆ ಟೇಪಿನ ಅಂಟು ಮೆತ್ತಗಾಗುತ್ತದೆ. ಹೆಲ್ಮೆಟ್ಟಿನ ಸ್ಪಂಜು ಕೂದಲನ್ನು ಹಿಡಿದುಕೊಳ್ಳುತ್ತದೆ. ತೆಗೆಯುವಾಗ ಪ್ಯಾಚಿನ ಮುಂದಿನ ಅಂಚು ಸಣ್ಣಗೆ ಮೇಲೇಳುತ್ತದೆ. ಹಣೆ ಹತ್ತಿರ ಹಳೇ ಲಕೋಟೆಯ ಅಂಟು ಬಿಟ್ಟಂತೆ.

ಸಲೂನಿನವನಿಗೆ ಹೇಳಿದೆ. "ಕ್ಲಿಪ್ ಹಾಕೋಣ ಸರ್" ಎಂದ. ಕ್ಲಿಪ್ಪಿನ ಮೇಲೆ ಹೆಲ್ಮೆಟ್ ಕೂತರೆ ನಾಲ್ಕು ಕಡೆ ಕುಕ್ಕುತ್ತದೆ. ಆಫೀಸು ಮುಟ್ಟುವಷ್ಟರಲ್ಲಿ ತಲೆನೋವು. ಮತ್ತೆ ಟೇಪಿಗೇ ಬಂದೆ. ಹೊಸ ವಿದ್ಯೆ ಒಂದು ಕಲಿತೆ: ಎಡಗೈ ಬೆರಳನ್ನು ಹೆಲ್ಮೆಟ್ ಒಳಗೆ ತೂರಿಸಿ ಕೂದಲನ್ನು ಒತ್ತಿ ಹಿಡಿದು, ಬಲಗೈಯಲ್ಲಿ ಹೆಲ್ಮೆಟ್ಟನ್ನು ನಿಧಾನಕ್ಕೆ ಎತ್ತುವುದು. ನೋಡಿದವರಿಗೆ ನಾನು ಹೇನು ಹುಡುಕುತ್ತಿದ್ದೇನೆ ಅನ್ನಿಸಿರಬೇಕು.

ಒಂದು ದಿನ ಜಡಿಮಳೆ. ಪಾರ್ಕಿಂಗಿಗೆ ಓಡಿ ಬಂದು, ಅವಸರದಲ್ಲಿ ವಿದ್ಯೆ ಮರೆತು ಹೆಲ್ಮೆಟ್ ಎಳೆದೆ. ತಲೆಗೆ ತಂಪು ಗಾಳಿ ತಾಗಿತು. ಹಿಂದೆ ಕೂತಿದ್ದ ಹೆಂಡತಿ ಮೆಲ್ಲಗೆ, "ರೀ, ಕೂದಲು ಹೆಲ್ಮೆಟ್ ಒಳಗಿದೆ" ಎಂದಳು. ಎದುರಿಗಿದ್ದ ವಾಚ್‌ಮನ್ ಕಾಕಾ ಪಾಪ, ಒಳ್ಳೆಯವರು. ಗೋಡೆ ಕಡೆ ತಿರುಗಿಕೊಂಡರು.

ಅದರ ಮೇಲೆ ತಿಂಗಳಿಗೊಂದು ಸರ್ವಿಸಿಂಗ್. ಪ್ಯಾಚ್ ಕಿತ್ತು, ಕೆಳಗೆ ಬೆಳೆದ ಕೂದಲು ಬೋಳಿಸಿ, ತೊಳೆದು ಮತ್ತೆ ಅಂಟಿಸಲು ಸಾವಿರ ರೂಪಾಯಿ, ಜೊತೆಗೆ ಅರ್ಧ ಭಾನುವಾರ. ವರ್ಷ ಕಳೆದ ಮೇಲೆ ಪ್ಯಾಚಿನ ಕೂದಲೂ ಒಣಗಿ ತೆಂಗಿನ ನಾರಾಯಿತು. ಹೊಸದು ತಗೊಳ್ಳಿ ಎಂದರು. ಅಂದರೆ ವರ್ಷಕ್ಕೆ ಮೂವತ್ತು ಸಾವಿರ. ನನಗೆ ಈಗ ಮೂವತ್ತಾರು, ಇನ್ನೂ ಎಷ್ಟು ವರ್ಷ ಅಂಟಿಸುವುದು?

ಕಸಿ ಮಾಡಿಸೋಣ ಅಂತ ಮೊದಲು ಹೋದ ಕಡೆ ಡಾಕ್ಟರೇ ಕಾಣಲಿಲ್ಲ. ಕೌನ್ಸೆಲರ್ ಅಂತ ಒಬ್ಬ ಹುಡುಗ "ಇವತ್ತೇ ಬುಕ್ ಮಾಡಿದರೆ ಡಿಸ್ಕೌಂಟ್" ಎಂದ. ಎದ್ದು ಬಂದೆ. 2019ರಲ್ಲಿ ಮುಂಬಯಿಯಲ್ಲೇ ಉದ್ಯಮಿಯೊಬ್ಬರು ಕಸಿ ಮಾಡಿಸಿಕೊಂಡ ಬೆನ್ನಿಗೇ ತೀರಿಕೊಂಡಿದ್ದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ತರಬೇತಿ ಪಡೆದ ವೈದ್ಯರೇ ಇದನ್ನು ಮಾಡಬೇಕು ಎಂದು ಹೇಳಿತು. ಹಾಗಾಗಿ ಎರಡನೇ ಕಡೆ ನಾನು ಕೇಳಿದ ಮೊದಲ ಪ್ರಶ್ನೆ, "ತಲೆಗೆ ಕೈ ಹಾಕುವವರು ಯಾರು?" ಚರ್ಮದ ಡಾಕ್ಟರು "ನಾನೇ" ಎಂದರು.

ನಾನು ಕೂದಲು ಗಿಡ್ಡ ಬಿಡುವವನು. ಹಿಂದಲೆಯ ಚರ್ಮದ ಪಟ್ಟಿ ಕತ್ತರಿಸಿ ಹೊಲಿಗೆ ಹಾಕುವ ಎಫ್‌ಯುಟಿಯಲ್ಲಿ ಗೆರೆ ಉಳಿಯುತ್ತದೆ. ಆದ್ದರಿಂದ ಒಂದೊಂದೇ ಬೇರು ಕೀಳುವ ಎಫ್‌ಯುಇ ಆರಿಸಿದೆ. ಹಿಂದಲೆಯ ಕೂದಲಿಗೆ ಉದುರುವ ಗುಣ ಕಮ್ಮಿ, ಮುಂದೆ ತಂದು ನೆಟ್ಟರೂ ಆ ಗುಣ ಬಿಡುವುದಿಲ್ಲ. ಒಟ್ಟು 2,200 ಗ್ರಾಫ್ಟ್ (ಹೀಗೆ ಕಿತ್ತು ನೆಡುವ ಬೇರು), ಒಂದಕ್ಕೆ 45 ರೂಪಾಯಿ, ಅಂದರೆ 99,000. ಬಿಲ್ಲಿನಲ್ಲಿ ಇನ್ನೂ 17,820 ಇತ್ತು. ಆಸ್ಪತ್ರೆ ಚಿಕಿತ್ಸೆಗೆ ಇರುವ ಜಿಎಸ್‌ಟಿ ವಿನಾಯಿತಿ ಕೂದಲು ಕಸಿಗೆ ಇಲ್ಲ, ಶೇಕಡಾ 18 ಕಟ್ಟಲೇಬೇಕು. ಇನ್ಶೂರೆನ್ಸ್ ಕಂಪನಿಗೆ ಫೋನು ಮಾಡಿದೆ. ಅವರು ನಗಲಿಲ್ಲ, ಅಷ್ಟೇ.

ನೋವು ಅಂದರೆ ಮರಗಟ್ಟಿಸುವ ಇಂಜೆಕ್ಷನ್ನಿನದು ಮಾತ್ರ. ಆಮೇಲೆ ಏಳು ಗಂಟೆ ಬೇಜಾರು. ಕೆಲವು ರಾತ್ರಿ ಒರಗಿಕೊಂಡೇ ನಿದ್ದೆ. ಮೂರನೇ ದಿನ ಹಣೆ ಊದಿ ಕಣ್ಣಿಗಿಳಿಯಿತು. ಮೂರು ವಾರ ಹೆಲ್ಮೆಟ್ ಮುಟ್ಟಬೇಡಿ ಎಂದರು, ವನಾಜ್‌ನಿಂದ ಮೆಟ್ರೊ ಹಿಡಿದೆ.

ನಾಲ್ಕನೇ ವಾರ ನೆಟ್ಟದ್ದೆಲ್ಲ ಉದುರತೊಡಗಿತು. ಹಾಗೇ ಆಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ದಿಂಬಿನ ಮೇಲೆ ಲಕ್ಷ ರೂಪಾಯಿ ಬಿದ್ದಿರುವುದನ್ನು ನೋಡಲು ಗಟ್ಟಿ ಎದೆ ಬೇಕು. ನಾಟಿ ಮಾಡಿದ ಭತ್ತವೂ ಮೊದಲು ಹಳದಿ ತಿರುಗುತ್ತೆ ಅಂತ ಊರಿಂದ ಅಪ್ಪ ಸಮಾಧಾನ ಹೇಳಿದರು. ಐದನೇ ತಿಂಗಳು ಮಗುವಿನ ತಲೆಯಂಥ ನವಿರು ಕಾಣಿಸಿತು. ಈಗ ಹನ್ನೊಂದನೇ ತಿಂಗಳು. ಹೆಲ್ಮೆಟ್ ಒಂದೇ ಎಳೆತಕ್ಕೆ ತೆಗೆಯುತ್ತೇನೆ. ಎಡಗೈ ಮಾತ್ರ ಇನ್ನೂ ಸುಮ್ನೆ ತಲೆಗೆ ಹೋಗುತ್ತದೆ.

ಕಸಿಯಲ್ಲೂ ಕಿರಿಕಿರಿ ಇಲ್ಲದಿಲ್ಲ. ಮೊದಲಿಂದ ತಲೆಯಲ್ಲಿದ್ದ ಹಳೇ ಕೂದಲು ಉದುರುವುದು ನಿಲ್ಲುವುದಿಲ್ಲ. ಅದಕ್ಕೆ ಫಿನಾಸ್ಟರೈಡ್ ಮಾತ್ರೆ ನಡೆದಿದೆ, ಡಬ್ಬಿ ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಟ್ಟಿರುವುದರಿಂದ ಮರೆಯುವುದಿಲ್ಲ. ನೆತ್ತಿ ಇನ್ನೂ ತೆಳು. ಹಿಂದಲೆಯ ದಾಸ್ತಾನು ಮುಗಿಯುವಂಥದ್ದು, ಮುಂದೆ ಬೇಕಾದೀತು ಅಂತ ಡಾಕ್ಟರು ನೆತ್ತಿಯನ್ನು ಮುಟ್ಟಲಿಲ್ಲ. ಮುಂದಿನ ತಿಂಗಳೇ ಮದುವೆ, ಓಡಾಟಕ್ಕೆ ಕಾರಿದೆ ಅನ್ನುವವರು ಪ್ಯಾಚ್ ಹಾಕಿಸಿಕೊಳ್ಳಲಿ. ನನ್ನದು ಸ್ಕೂಟರು. ನೆತ್ತಿ ಹೇಗೂ ಹೆಲ್ಮೆಟ್ ಕೆಳಗಿರುತ್ತದೆ.