ಕಲ್ಲು ಎತ್ತಿಸಿ ನೋಡದೆ ಬಾಕಿ ಹಣ ಕೊಡಬೇಡಿ

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯ ಗೇಟಿನಿಂದ ಜಗಲಿಯವರೆಗೆ 40 ಅಡಿ ಉದ್ದ, 3 ಅಡಿ ಅಗಲದ ಕಾಲುದಾರಿಗೆ ಚಪ್ಪಡಿ ಕಲ್ಲು ಹಾಸಿಸಿ ಮೋಸ ಹೋಗಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಅದೇ ಮೇಸ್ತ್ರಿ ಪಕ್ಕದ ಊರಿನಲ್ಲಿ ಇನ್ನೊಬ್ಬರ ಅಂಗಳಕ್ಕೆ ಅಳತೆ ಹಿಡಿದಿದ್ದಾನೆ ಎಂದು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಏಪ್ರಿಲ್‌ನಲ್ಲಿ ಆದ ಮಾತು ಇದು: 8 ಇಂಚು ಮಣ್ಣು ತೆಗೆಯುವುದು, 4 ಇಂಚು ಜಲ್ಲಿ ಹಾಕಿ ದಮ್ಮಸು ಹೊಡೆದು ಗಟ್ಟಿ ಮಾಡುವುದು, ಅದರ ಮೇಲೆ ಪೂರ್ತಿ ಗಾರೆ ಹಾಸಿ ಕಲ್ಲು ಕೂರಿಸುವುದು, ನೀರು ಚರಂಡಿಗೆ ಹರಿಯುವಂತೆ ಒಂದು ಬದಿಗೆ ಅರ್ಧ ಇಂಚು ಓರೆ ಬಿಡುವುದು. ಒಂದು ಪಿಕಪ್ ಜಲ್ಲಿ ಬಂದದ್ದನ್ನು ಕಣ್ಣಾರೆ ನೋಡಿದೆ. ಮರುದಿನ ನಾನು ಮಡಿಕೇರಿಗೆ ಹೋಗಿ ಸಂಜೆ ಬರುವಷ್ಟರಲ್ಲಿ ರಾಶಿಯೂ ಇಲ್ಲ, ಗುಂಡಿಯೂ ಇಲ್ಲ, ಅರ್ಧ ದಾರಿಗೆ ಕಲ್ಲು ಕೂತಿದೆ. ಜಲ್ಲಿ ಎಲ್ಲಿ ಎಂದು ಕೇಳಿದೆ. "ಎಲ್ಲಾ ಕೆಳಗೇ ಇದೆ ಅಕ್ಕ, ನಿಮ್ಮ ಮಣ್ಣು ಕುಡಿದುಬಿಟ್ಟಿತು" ಎಂದ. ನಾನು ನಂಬಿದೆ. ನಂಬಿ ಕಾಫಿಯನ್ನೂ ಕೊಟ್ಟೆ, ಬಾಕಿ 18,000 ರೂಪಾಯಿಯನ್ನೂ ಕೊಟ್ಟೆ.

ಜೂನ್‌ನಲ್ಲಿ ಮಳೆ ಹಿಡಿದ ಎರಡನೇ ವಾರ, ಹೂ ಕೊಯ್ಯಲು ಹೋದ ಅತ್ತೆ ಕಾಲಿಟ್ಟ ಕಲ್ಲು ವಾಲಿತು. ಸಂದಿಯಿಂದ ಕೆಸರು ನೀರು ಅವರ ಮೊಣಕಾಲಿನವರೆಗೆ ಚಿಮ್ಮಿತು. ಗೇಟಿನ ಕಂಬ ಹಿಡಿದುಕೊಂಡರು, ಇಲ್ಲದಿದ್ದರೆ ಸೊಂಟವೇ ಹೋಗುತ್ತಿತ್ತು.

ಯಜಮಾನರು ಹಾರೆ ಹಾಕಿ ಆ ಕಲ್ಲನ್ನು ಎತ್ತಿದರು. ನಾಲ್ಕು ಮೂಲೆಗೆ ಇಡ್ಲಿಯಷ್ಟು ದಪ್ಪದ ನಾಲ್ಕು ಗಾರೆ ಮುದ್ದೆ. ನಡುವೆ ಪೂರಾ ಟೊಳ್ಳು. ಅದರ ಕೆಳಗೆ ಹಸಿ ಮಣ್ಣು, ಕೊಳೆತ ಸಿಲ್ವರ್ ಓಕ್ ಎಲೆ. ಒಂದು ಹಿಡಿ ಜಲ್ಲಿ ಇಲ್ಲ! ಮತ್ತೆ ಮೂರು ಕಲ್ಲು ಎತ್ತಿದೆವು, ಮೂರರ ಕೆಳಗೂ ಅದೇ. ಮಣ್ಣು ಕುಡಿಯಿತಂತೆ. ಆ ಮಾತು ಈಗಲೂ ಕಿವಿಯಲ್ಲಿ ಕೊರೆಯುತ್ತಿದೆ.

ಮೇಸ್ತ್ರಿಗೆ ಫೋನ್ ಮಾಡಿದರೆ "ಕೊಡಗಿನ ಮಳೆಗೆ ನಾನೇನು ಮಾಡಲಿ ಅಕ್ಕ? 2018ರಲ್ಲಿ ಗುಡ್ಡಗಳೇ ಜಾರಿದವು" ಎಂದ. ಮನೆ ಕಳೆದುಕೊಂಡವರ ಸಂಕಟವನ್ನು ತನ್ನ ಕಳ್ಳ ಕೆಲಸಕ್ಕೆ ನೆಪ ಮಾಡಿಕೊಳ್ಳುವುದೇ? ಫೋಟೋ ಕಳಿಸಿದೆ. "ಕೈಲ್ ಮುಹೂರ್ತ ಕಳೆಯಲಿ, ಬರುತ್ತೇನೆ" ಎಂದ. ಕಳೆಯಿತು. "ಕಾವೇರಿ ಸಂಕ್ರಮಣ ಆಗಲಿ" ಎಂದ. ಆಯಿತು. "ಪುತ್ತರಿ ಮುಗಿಯಲಿ" ಎಂದ. ನಮ್ಮ ಕಡೆಯ ಹಬ್ಬಗಳೆಲ್ಲ ಮುಗಿದವು. ಈಗ ಕಾಫಿ ಕುಯ್ಲು, ಆಳು ಸಿಗುವುದಿಲ್ಲವಂತೆ. ಮೊನ್ನೆ ಕೊನೆಯ ಉತ್ತರ: "ಹಣ ಕೊಡುವಾಗ ಸರಿಯಾಗಿಯೇ ಇತ್ತಲ್ಲ?"

ಹೌದು, ಮೇಲಿನಿಂದ ಸರಿಯಾಗಿಯೇ ಇತ್ತು. ಹಾಗಾಗಿ ಹೇಳುತ್ತಿದ್ದೇನೆ, ಜಲ್ಲಿ ಹಾಕುವ ದಿನ ಮನೆ ಬಿಟ್ಟು ಹೋಗಬೇಡಿ. ಕಲ್ಲಿನ ನಡುವೆ ಹಾರೆಯ ಹಿಡಿಯಿಂದ ತಟ್ಟಿ ನೋಡಿ, ಟೊಳ್ಳಿದ್ದರೆ ಸದ್ದೇ ಹೇಳುತ್ತದೆ. ಅನುಮಾನ ಬಂದರೆ ಒಂದನ್ನು ಮೇಸ್ತ್ರಿಯ ಕೈಯಿಂದಲೇ ಎತ್ತಿಸಿ. ಅರ್ಧ ಹಣವನ್ನಾದರೂ ಒಂದು ಮಳೆಗಾಲ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳಿ. ಒಪ್ಪದಿದ್ದರೆ ಆ ಮೇಸ್ತ್ರಿಯೇ ಹೋಗಲಿ ಬಿಡಿ.

ಎತ್ತಿದ ನಾಲ್ಕು ಕಲ್ಲುಗಳನ್ನು ಗೋಡೆಗೆ ಒರಗಿಸಿಟ್ಟಿದ್ದೇವೆ. ಅತ್ತೆ ಈಗ ದಾರಿ ಬಿಟ್ಟು ಹುಲ್ಲಿನ ಮೇಲೆ ನಡೆಯುತ್ತಾರೆ.